ಇಬ್ಬರು ಕುವೆಂಪು: ದತ್ತಸಂಚಯದ ಪಾಠದಲ್ಲಿ ಬಿಟ್ಟುಹೋದ ಅಧ್ಯಾಯ

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಗ್ರಂಥಪಾಲಕರು ಫೋನ್ ಮಾಡಿ, "ಸಾರ್, ನಮ್ಮ ಕಂಪ್ಯೂಟರಿನಲ್ಲಿ ಇಬ್ಬರು ಕುವೆಂಪು ಇದ್ದಾರೆ, ಒಮ್ಮೆ ಬಂದು ನೋಡ್ತೀರಾ?" ಎಂದರು. ಹೋಗಿ ನೋಡಿದೆ. ನಿಜವಾಗಿಯೂ ಲೇಖಕರ ಪಟ್ಟಿಯಲ್ಲಿ ಕುವೆಂಪು ಎಂಬ ಹೆಸರು ಎರಡು ಸಾಲುಗಳಲ್ಲಿತ್ತು. ಒಂದನ್ನು ಒತ್ತಿದರೆ ಕಾದಂಬರಿಗಳು ಬರುತ್ತಿದ್ದವು, ಇನ್ನೊಂದನ್ನು ಒತ್ತಿದರೆ ನಾಟಕಗಳು. ಬೇಂದ್ರೆಯವರೂ ಇಬ್ಬರಿದ್ದರು, ಕಾರಂತರೂ ಇಬ್ಬರಿದ್ದರು. ಮಾಸ್ತಿ ಮಾತ್ರ ಒಬ್ಬರೇ. ಈ ಕೊನೆಯ ಸಂಗತಿಯೇ ಸುಳಿವು ಕೊಟ್ಟಿತು. ಮಾಸ್ತಿ ಎಂಬ ಹೆಸರಿನಲ್ಲಿ ಸೊನ್ನೆ ಇಲ್ಲ, ಉಳಿದ ಮೂವರ ಹೆಸರುಗಳಲ್ಲಿ ಇದೆ.

ಕನ್ನಡದಲ್ಲಿ ಸೊನ್ನೆ ಎರಡು. ಒಂದು ಅನುಸ್ವಾರ, ಇನ್ನೊಂದು ಅಂಕಿ. ತೆರೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಆದರೆ ಯೂನಿಕೋಡ್ ಸಂಕೇತದಲ್ಲಿ ಅನುಸ್ವಾರದ ಸಂಖ್ಯೆ 3202, ಕನ್ನಡ ಅಂಕಿ ಸೊನ್ನೆಯ ಸಂಖ್ಯೆ 3302. ಬೆರಳಚ್ಚು ಮಾಡಿದ ಇಬ್ಬರಲ್ಲಿ ಒಬ್ಬರು ಅನುಸ್ವಾರವಿರಬೇಕಾದ ಕಡೆಯಲ್ಲೆಲ್ಲ ಅಂಕಿಯನ್ನು ಒತ್ತಿದ್ದರು. ಅವರ ಕಣ್ಣಿಗೆ ಹೆಸರು ಸರಿಯಾಗಿಯೇ ಇತ್ತು, ನಮ್ಮ ಕಣ್ಣಿಗೂ ಸರಿಯೇ. ಗಣಕದ ಲೆಕ್ಕಕ್ಕೆ ಮಾತ್ರ ಅವು ಎರಡು ಬೇರೆ ಬೇರೆ ಹೆಸರುಗಳು. ಲೇಖಕರ ಹೆಸರು ಪುನರಾವರ್ತನೆಯಾಗಬಾರದು ಎಂಬ ನಿಬಂಧನೆಯನ್ನು ತಂತ್ರಾಂಶ ಬರೆದವರು ತಪ್ಪದೆ ಹಾಕಿದ್ದರು. ಆ ನಿಬಂಧನೆ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು!

ತಪ್ಪು ಯಾರದು? ಆ ತಂತ್ರಾಂಶ ಬರೆದ ಯುವಕರನ್ನು ದೂರುವ ಮನಸ್ಸು ನನಗೆ ಬರಲಿಲ್ಲ. ದತ್ತಸಂಚಯ, ಅಂದರೆ ಡೇಟಾಬೇಸ್ ವಿಷಯದಲ್ಲಿ ನಮ್ಮ ಪಠ್ಯಪುಸ್ತಕಗಳು ಏನನ್ನು ಹೇಳಿಕೊಡುತ್ತವೆಯೋ ಅದನ್ನೇ ಅವರು ಮಾಡಿದ್ದರು. ಕೋಷ್ಟಕಗಳನ್ನು ಒಡೆದಿದ್ದರು, ಕೀಲಿಗಳನ್ನು ಗುರುತಿಸಿದ್ದರು, ಸಾಮಾನ್ಯೀಕರಣದ ಮೂರನೆಯ ರೂಪದವರೆಗೂ ಹೋಗಿದ್ದರು. ಎರಡು ಪದಗಳು ಒಂದೇ ಎಂದು ಯಾವಾಗ ಹೇಳಬೇಕು ಎಂಬ ಪ್ರಶ್ನೆಯನ್ನು ಮಾತ್ರ ಅವರಿಗೆ ಯಾರೂ ಕೇಳಿರಲಿಲ್ಲ. ಈ ಲೇಖನದ ತಕರಾರು ಇರುವುದು ಆ ಪ್ರಶ್ನೆ ಕೇಳದ ಪಾಠದ ಮೇಲೆ ಮತ್ತು ಅದನ್ನು ಮರೆಮಾಚುವ ಸಾಧನಗಳ ಮೇಲೆ.

ದತ್ತಸಂಚಯದ ಪ್ರಯೋಗಶಾಲೆಯಲ್ಲಿ ಕುಳಿತವರಿಗೆಲ್ಲ ಒಂದು ಕೋಷ್ಟಕದ ಪರಿಚಯ ಇದ್ದೇ ಇರುತ್ತದೆ. ಒರೇಕಲ್ ತಂತ್ರಾಂಶದ ಜೊತೆಗೆ ಬರುತ್ತಿದ್ದ ಹದಿನಾಲ್ಕು ನೌಕರರ 'ಎಂಪ್' ಕೋಷ್ಟಕ. ಸ್ಮಿತ್, ಆಲೆನ್, ವಾರ್ಡ್, ಕಿಂಗ್, ಮಿಲ್ಲರ್ ಮೊದಲಾದವರು ಅದರ ಖಾಯಂ ನಿವಾಸಿಗಳು. ಆ ಕೋಷ್ಟಕದ ಒಡೆಯನ ಬಳಕೆದಾರ ಹೆಸರು ಸ್ಕಾಟ್, ಗುಪ್ತಪದ ಟೈಗರ್. ಸ್ಕಾಟ್ ಎಂದರೆ ಕಂಪನಿಯ ಮೊದಲ ದಿನಗಳ ನೌಕರ ಬ್ರೂಸ್ ಸ್ಕಾಟ್. ಟೈಗರ್ ಅವರ ಮನೆಯ ಬೆಕ್ಕಿನ ಹೆಸರು ಎನ್ನುತ್ತಾರೆ. ಅನೇಕ ತಲೆಮಾರಿನ ವಿದ್ಯಾರ್ಥಿಗಳು ಎಸ್‌ಕ್ಯುಎಲ್ ಕಲಿತದ್ದು ಈ ಬೆಕ್ಕಿನ ಕೃಪೆಯಿಂದಲೇ.

ಈ ಕೋಷ್ಟಕದಲ್ಲಿ ನೌಕರನ ಹೆಸರಿನ ಅಂಕಣಕ್ಕೆ ಕೊಟ್ಟಿರುವ ಉದ್ದ ಹತ್ತು. ಹತ್ತು ಏನು? ಪುಸ್ತಕ ಹತ್ತು ಅಕ್ಷರ ಎನ್ನುತ್ತದೆ. ಒರೇಕಲ್ ಬೇರೇನೂ ಹೇಳದಿದ್ದರೆ ಅದನ್ನು ಹತ್ತು ಬೈಟ್ ಎಂದು ಓದುತ್ತದೆ. ಸ್ಮಿತ್ ಎಂಬುದನ್ನು ರೋಮನ್ ಲಿಪಿಯಲ್ಲಿ ಬರೆದಾಗ ಒಂದು ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಹಾಗಾದರೆ ಈ ಅಂಕಣದಲ್ಲಿ ಯಾರಿಗೆ ಜಾಗ ಇದೆ? 'ಉಮಾ' ಎಂಬ ಹೆಸರಿಗೆ ಒಂಬತ್ತು ಬೈಟ್, ಆಕೆಗೆ ಪ್ರವೇಶ ಉಂಟು. 'ಗೀತಾ'ಗೆ ಹನ್ನೆರಡು, 'ರಮೇಶ'ನಿಗೂ ಹನ್ನೆರಡು, 'ಕುಮಾರ'ನಿಗೆ ಹದಿನೈದು. ಇವರೆಲ್ಲ ಬಾಗಿಲ ಹೊರಗೆ. ವಿದ್ಯಾರ್ಥಿಗಳು ಇದನ್ನು ಒಮ್ಮೆ ಮಾಡಿ ನೋಡಬೇಕು. ಪಾಠದ ಅರ್ಧ ಭಾಗ ಅಲ್ಲಿಯೇ ಮುಗಿಯುತ್ತದೆ.

ಉದ್ದದ ವಿಷಯವನ್ನು ಇನ್ನೂ ಸ್ವಲ್ಪ ಕೆದಕೋಣ. 'ಕುಮಾರಸ್ವಾಮಿ' ಎಂಬ ಹೆಸರಿನಲ್ಲಿ ಎಷ್ಟು ಅಕ್ಷರಗಳಿವೆ? ಮೂರನೆಯ ತರಗತಿಯ ಮಗು ಕು, ಮಾ, ರ, ಸ್ವಾ, ಮಿ ಎಂದು ಎಣಿಸಿ ಐದು ಎನ್ನುತ್ತದೆ. ಯೂನಿಕೋಡ್ ವ್ಯಂಜನ, ಸ್ವರಚಿಹ್ನೆ, ಹಲಂತ ಇವನ್ನೆಲ್ಲ ಪ್ರತ್ಯೇಕ ಸಂಕೇತಗಳಾಗಿ ಇಡುವುದರಿಂದ ಅದರ ಲೆಕ್ಕ ಹನ್ನೊಂದು. ಮೈಎಸ್‌ಕ್ಯುಎಲ್‌ನಲ್ಲಿ ಉದ್ದ ಕೇಳುವ ಒಂದು ಫಂಕ್ಷನ್ 11 ಎನ್ನುತ್ತದೆ, ಇನ್ನೊಂದು 33 ಎನ್ನುತ್ತದೆ. ಎರಡನೆಯದು ಎಣಿಸುವುದು ಬೈಟುಗಳನ್ನು. ಎಸ್‌ಕ್ಯುಎಲ್ ಸರ್ವರ್‌ನ ಎನ್‌ವಾರ್‌ಚಾರ್ ಅಂಕಣದಲ್ಲಿ ಇದೇ ಹೆಸರು 22 ಬೈಟ್ ಹಿಡಿಯುತ್ತದೆ, ಏಕೆಂದರೆ ಅಲ್ಲಿ ಒಂದು ಸಂಕೇತಕ್ಕೆ ಎರಡು ಬೈಟ್. ಇನ್ನು ಯೂನಿಕೋಡ್ ಸಂಸ್ಥೆಯೇ 'ಬಳಕೆದಾರ ಅಕ್ಷರವೆಂದು ಭಾವಿಸುವ ಗುಂಪು' ಎಂದು ಒಂದು ಅಳತೆಯನ್ನು ಕೊಟ್ಟಿದೆ. ಅದರ ಪ್ರಕಾರ ಉತ್ತರ ಆರು, ಏಕೆಂದರೆ ಅದು 'ಸ್ವಾ' ಎಂಬುದನ್ನು 'ಸ್' ಮತ್ತು 'ವಾ' ಎಂದು ಎರಡಾಗಿ ಒಡೆಯುತ್ತದೆ. 2023ರ 15.1ನೆಯ ಆವೃತ್ತಿಯಲ್ಲಿ ಈ ನಿಯಮ ತಿದ್ದಿ ಒತ್ತಕ್ಷರಗಳನ್ನು ಒಡೆಯದಂತೆ ಮಾಡಿದರು. ಆದರೆ ಆ ತಿದ್ದುಪಡಿ ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಈ ಆರು ಲಿಪಿಗಳಿಗೆ. ಪಕ್ಕದ ಮನೆಯ ತೆಲುಗಿಗೆ ದೊರೆತದ್ದು ಕನ್ನಡಕ್ಕೆ ಆಗ ದೊರೆಯಲಿಲ್ಲ.

ಒಂದು ಹೆಸರು, ಐದು ಉದ್ದಗಳು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಸುಳ್ಳು ಇರುವುದು 'ಉದ್ದ' ಎಂಬ ಒಂದೇ ಪದವನ್ನು ಬಳಸಿ ಇವೆಲ್ಲ ಒಂದೇ ಎಂಬಂತೆ ಬರೆಯುವ ಪುಸ್ತಕದಲ್ಲಿ. ಇದರ ಪರಿಣಾಮ ಬರಿಯ ತರ್ಕದ್ದಲ್ಲ. ಮೈಎಸ್‌ಕ್ಯುಎಲ್‌ನಲ್ಲಿ 2015ರ 5.7ನೆಯ ಆವೃತ್ತಿಗೆ ಮುಂಚೆ, ನಿರ್ವಾಹಕರು ಬೇರೆ ವ್ಯವಸ್ಥೆ ಮಾಡದಿದ್ದರೆ, ಉದ್ದ ಮೀರಿದ ಪದವನ್ನು ಕತ್ತರಿಸಿ ಒಳಗಿಟ್ಟು ಒಂದು ಎಚ್ಚರಿಕೆಯನ್ನು ಮಾತ್ರ ಕೊಡುತ್ತಿದ್ದರು. ಹತ್ತರ ಅಂಕಣಕ್ಕೆ ಹೋದ ಕುಮಾರಸ್ವಾಮಿ 'ಕುಮಾರಸ್ವಾಮ' ಆಗಿ ಹೊರಬರುತ್ತಿದ್ದರು. ಆ ಎಚ್ಚರಿಕೆಯನ್ನು ಓದುವ ಕಾರ್ಯಕ್ರಮವನ್ನು ನಾನು ವಿದ್ಯಾರ್ಥಿಗಳ ಕೈಯಲ್ಲಿ ಒಂದು ಬಾರಿಯೂ ನೋಡಿಲ್ಲ. ಎಸ್‌ಕ್ಯುಎಲ್ ಸರ್ವರ್‌ನ ನಡವಳಿಕೆ ಇನ್ನೂ ಕ್ರೂರ. ಅಲ್ಲಿ ಕನ್ನಡ ಪದದ ಉದ್ಧರಣ ಚಿಹ್ನೆಯ ಮುಂದೆ 'ಎನ್' ಎಂಬ ಒಂದಕ್ಷರ ಬರೆಯಲು ಮರೆತರೆ, ಸಾಮಾನ್ಯ ವ್ಯವಸ್ಥೆಯಲ್ಲಿ ಇಡೀ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಉಳಿಯುತ್ತದೆ. ಕತ್ತರಿಸಿದ ಹೆಸರನ್ನು ಊಹಿಸಬಹುದು, ಪ್ರಶ್ನಾರ್ಥಕಗಳ ಸಾಲಿನಿಂದ ಯಾವ ಹೆಸರನ್ನೂ ಮರಳಿ ಪಡೆಯಲಾಗುವುದಿಲ್ಲ.

ಅಕ್ಷರವೆಂದರೆ ಸಂಕೇತ ಎಂಬ ತಪ್ಪು ಕಲ್ಪನೆ ಎಲ್ಲಿಗೆ ಮುಟ್ಟಿಸುತ್ತದೆ ಎನ್ನುವುದಕ್ಕೆ ತರಗತಿಯಲ್ಲಿ ನಾನು ಕೊಡುವ ಉದಾಹರಣೆ 'ವಿಕಟಕವಿ'. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದ ಎಂದು ನಮಗೆಲ್ಲ ಗೊತ್ತು. ಪದವನ್ನು ತಿರುವಿಹಾಕಿ ಹೋಲಿಸುವ ಕಾರ್ಯಕ್ರಮ ಪ್ರತಿಯೊಬ್ಬ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕದಲ್ಲೂ ಇರುತ್ತದೆ. ಅದಕ್ಕೆ ವಿಕಟಕವಿಯನ್ನು ಕೊಟ್ಟರೆ 'ಇಲ್ಲ' ಎಂಬ ಉತ್ತರ ಬರುತ್ತದೆ. ಕಾರ್ಯಕ್ರಮ ಸಂಕೇತಗಳನ್ನು ತಿರುವಿದಾಗ ಕೊನೆಯ 'ವಿ'ಯ ಗುಡಿಸು ಒಂಟಿಯಾಗಿ ಮೊದಲಿಗೆ ಬಂದು ನಿಲ್ಲುತ್ತದೆ, ಇನ್ನೊಂದು ಗುಡಿಸು 'ಕ'ಕಾರಕ್ಕೆ ಅಂಟಿಕೊಳ್ಳುತ್ತದೆ. ತೆನಾಲಿ ರಾಮಕೃಷ್ಣ ಇದ್ದಿದ್ದರೆ ಏನೆನ್ನುತ್ತಿದ್ದನೋ!

ಈಗ ಮೊದಲ ಪ್ರಶ್ನೆಗೆ ಮರಳೋಣ: ಎರಡು ಪದಗಳು ಯಾವಾಗ ಒಂದೇ?

ಸಂಬಂಧಾತ್ಮಕ ಮಾದರಿಯನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮುಂದಿಟ್ಟರು. ಅದರ ತಳಹದಿ ಗಣ ಸಿದ್ಧಾಂತ. ಕಾಡ್ ಅವರ ನಿರೂಪಣೆಯಲ್ಲಿ ಪ್ರತಿಯೊಂದು ಅಂಕಣವೂ ಒಂದು 'ಡೊಮೇನ್'ನಿಂದ, ಅಂದರೆ ಬೆಲೆಗಳ ಒಂದು ನಿರ್ದಿಷ್ಟ ಗಣದಿಂದ ತನ್ನ ಬೆಲೆಗಳನ್ನು ಪಡೆಯುತ್ತದೆ. ಗಣದಲ್ಲಿ ಒಂದೇ ಅಂಶ ಎರಡು ಬಾರಿ ಇರುವಂತಿಲ್ಲ ಎನ್ನಬೇಕಾದರೆ ಎರಡು ಅಂಶಗಳು ಸಮವೋ ಅಲ್ಲವೋ ಎಂದು ನಿರ್ಧರಿಸುವ ವಿಧಾನ ಮೊದಲೇ ಇರಬೇಕು. ಪ್ರೈಮರಿ ಕೀ, ಫಾರಿನ್ ಕೀ, ಜಾಯಿನ್, ಗುಂಪು ಮಾಡಿ ಎಣಿಸುವುದು ಇವೆಲ್ಲ ನಿಂತಿರುವುದು ಸಮ ಎಂಬ ಈ ಒಂದು ಕಲ್ಪನೆಯ ಮೇಲೆ. ನಮ್ಮ ಪುಸ್ತಕಗಳು ಡೊಮೇನ್‌ಗೆ ಒಂದು ಪ್ಯಾರಾ ಕೊಟ್ಟು ಮುಂದೆ ಹೋಗುತ್ತವೆ. ಸಾಮಾನ್ಯ ರೂಪಗಳಿಗೆ ಮೂವತ್ತು ಪುಟ ಮೀಸಲಿಡುತ್ತವೆ. ಅಡಿಪಾಯವನ್ನು ಬಿಟ್ಟು ಮೂರನೆಯ ಅಂತಸ್ತಿನ ಕಿಟಕಿಗೆ ಬಣ್ಣ ಬಳಿದ ಹಾಗೆ.

ಅನುಸ್ವಾರದ ಜಾಗದಲ್ಲಿ ಅಂಕಿ ಬಂದದ್ದು ಬೆರಳಚ್ಚಿನ ತಪ್ಪು ಎಂದು ಬಿಡಬಹುದು. ಆದರೆ ತಪ್ಪೇ ಇಲ್ಲದೆಯೂ ಒಂದೇ ಪದಕ್ಕೆ ಎರಡು ರೂಪ ಇರಲು ಸಾಧ್ಯ. ಯೂನಿಕೋಡ್‌ನಲ್ಲಿ ಏತ್ವದ ದೀರ್ಘಕ್ಕೆ 3271 ಎಂಬ ಒಂದೇ ಸಂಕೇತವಿದೆ. ಅದನ್ನೇ 3270 ಎಂಬ ಎತ್ವ ಮತ್ತು 3285 ಎಂಬ ದೀರ್ಘಚಿಹ್ನೆಯ ಜೋಡಿಯಾಗಿಯೂ ಬರೆಯಬಹುದು. ಎರಡೂ ಶಾಸ್ತ್ರಸಮ್ಮತ, ಎರಡನ್ನೂ ಸಮವೆಂದೇ ಪರಿಗಣಿಸಬೇಕು ಎಂದು ಯೂನಿಕೋಡ್ ವಿಧಿಸುತ್ತದೆ. ಓತ್ವ, ಐತ್ವ, ದೀರ್ಘ ಈಕಾರಗಳದೂ ಇದೇ ಕಥೆ. ಇದಲ್ಲದೆ ಕಣ್ಣಿಗೇ ಕಾಣದ ಒಂದು ಸಂಕೇತವಿದೆ, ಸಂಖ್ಯೆ 8204. 'ಸಾಫ್ಟ್‌ವೇರ್' ಎಂದು ಬರೆಯುವಾಗ 'ವೇ' ಎಂಬುದು 'ಟ'ಕ್ಕೆ ಒತ್ತಾಗದಂತೆ ತಡೆಯುವ ಅಡ್ಡಗೋಡೆ ಅದು. ಪದದ ನಡುವೆ ಅದರ ಕೆಲಸ ನ್ಯಾಯವಾದದ್ದೇ. ಆದರೆ ರೂಢಿಯ ಬಲದಿಂದ ಅನೇಕರು ರಮೇಶ್, ಸುರೇಶ್ ಮುಂತಾದ ಹೆಸರುಗಳ ಕೊನೆಗೂ ಅದನ್ನು ಸೇರಿಸುತ್ತಾರೆ. ಆಗ ತೆರೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸವಿರದ ಇಬ್ಬರು ರಮೇಶರು ಹುಟ್ಟುತ್ತಾರೆ. ಹೆಸರಿನ ಹಿಂದುಮುಂದಿನ ಖಾಲಿ ಜಾಗ ತೆಗೆಯುವ ಟ್ರಿಮ್ ಫಂಕ್ಷನ್ ಇದನ್ನು ಮುಟ್ಟುವುದಿಲ್ಲ, ಏಕೆಂದರೆ ಇದು ಖಾಲಿ ಜಾಗವಲ್ಲ.

ಈ ಇಬ್ಬರು ರಮೇಶರು ಸಮವೇ ಎಂದು ಸಾಧನಗಳನ್ನು ಕೇಳಿದರೆ ಉತ್ತರ ಸಾಧನಕ್ಕೊಂದು ತೆರ. 2018ರಲ್ಲಿ ಬಂದ ಮೈಎಸ್‌ಕ್ಯುಎಲ್ 8.0 ತನ್ನ ಸಹಜ ವ್ಯವಸ್ಥೆಯಲ್ಲಿ ಯೂನಿಕೋಡ್‌ನ ಹೋಲಿಕೆಯ ನಿಯಮ ಬಳಸುತ್ತದೆ. ಆ ನಿಯಮ 8204ನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಇಬ್ಬರೂ ಒಬ್ಬರೇ. ಪೋಸ್ಟ್‌ಗ್ರೆಸ್‌ನ ಸಹಜ ವ್ಯವಸ್ಥೆಯಲ್ಲಿ ಬೈಟ್ ಬೈಟಿಗೂ ತಾಳೆಯಾದರೆ ಮಾತ್ರ ಸಮ. ಆದ್ದರಿಂದ ಅಲ್ಲಿ ಇಬ್ಬರು. ನಿಮ್ಮ ಮೊಬೈಲ್ ಫೋನಿನೊಳಗಿರುವ ಎಸ್‌ಕ್ಯುಲೈಟ್‌ನಲ್ಲೂ ಇಬ್ಬರೇ. ಹಾಗಾಗಿ ಒಂದು ಅಕ್ಷರವನ್ನೂ ಬದಲಿಸದ ಒಂದೇ ಎಸ್‌ಕ್ಯುಎಲ್ ವಾಕ್ಯ ಮೂರು ಕಡೆ ಎರಡು ಬಗೆಯ ಉತ್ತರ ಕೊಡುತ್ತದೆ. ಎಸ್‌ಕ್ಯುಎಲ್ ಕಲಿತರೆ ಯಾವ ದತ್ತಸಂಚಯದಲ್ಲಾದರೂ ಕೆಲಸ ಮಾಡಬಹುದು ಎಂಬ ಭರವಸೆಯ ಮಾತನ್ನು ನಾವು ತರಗತಿಯಲ್ಲಿ ಹೇಳುತ್ತಲೇ ಇರುತ್ತೇವೆ. ಅದಕ್ಕೆ ಈ ತಿದ್ದುಪಡಿ ಸೇರಿಸಬೇಕು.

ಜಾಯಿನ್ ಮಾಡುವಾಗ ಇದು ನಿಜಕ್ಕೂ ಅಪಾಯಕಾರಿ. ಒಂದು ಕೋಷ್ಟಕದ 'ಬೆಂಗಳೂರು' ಇನ್ನೊಂದರ 'ಬೆಂಗಳೂರಿ'ಗೆ ಕೂಡದಿದ್ದರೆ ದೋಷಸಂದೇಶ ಬರುವುದಿಲ್ಲ. ಸಾಲು ಸುಮ್ಮನೆ ಕಾಣೆಯಾಗುತ್ತದೆ. ಪಟ್ಟಿ ಗ್ರಂಥಾಲಯದ್ದಾದರೆ ಒಂದು ಪುಸ್ತಕ ಸಿಗಲಿಕ್ಕಿಲ್ಲ. ಪಟ್ಟಿ ವಿದ್ಯಾರ್ಥಿವೇತನದ್ದೋ ಪಿಂಚಣಿಯದ್ದೋ ಆದರೆ, ತನ್ನ ಹೆಸರು ಏಕೆ ಇಲ್ಲ ಎಂದು ಕೇಳಲು ಬಂದ ಮನುಷ್ಯನಿಗೆ ಗುಮಾಸ್ತರು ಎರಡೂ ಕಾಗದಗಳನ್ನು ತೋರಿಸಿ, ಎರಡರಲ್ಲೂ ಹೆಸರು ಸರಿಯಾಗಿಯೇ ಇದೆಯಲ್ಲ ಎನ್ನಬೇಕಾಗುತ್ತದೆ. ಈ ರಾಜ್ಯದಲ್ಲಿ ಪಹಣಿಯಿಂದ ಹಿಡಿದು ಅನೇಕ ದಾಖಲೆಗಳಲ್ಲಿ ಜನರ ಹೆಸರುಗಳಿರುವುದು ಕನ್ನಡದಲ್ಲಿ ಎಂಬುದನ್ನು ನೆನಪಿಸಿಕೊಂಡರೆ ವಿಷಯದ ತೂಕ ತಿಳಿದೀತು.

ಅಕಾರಾದಿ ಜೋಡಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯೂನಿಕೋಡ್ ಸಂಖ್ಯೆಗಳಲ್ಲಿ 'ಳ'ಕಾರ 'ಲ' ಮತ್ತು 'ವ'ಗಳ ನಡುವೆ ಕುಳಿತಿದೆ. ನಮ್ಮ ವರ್ಣಮಾಲೆಯಲ್ಲಿ ಅದು 'ಹ'ಕಾರದ ನಂತರ. ಬರಿಯ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ಕಳಸ, ಕವನ, ಕಹಿ ಎಂದು ಬರುತ್ತದೆ. ನಿಘಂಟಿನ ಕ್ರಮ ಕವನ, ಕಹಿ, ಕಳಸ. ಕಾಗುಣಿತ ಮುಗಿದ ಮೇಲೆ ಒತ್ತಕ್ಷರ ಬರಬೇಕೆಂಬ ಕ್ರಮ ಮಾತ್ರ ಸಂಖ್ಯೆಗಳಲ್ಲೂ ಅದೃಷ್ಟವಶಾತ್ ಹಾಗೆಯೇ ಇದೆ. ಅಕ್ಷರಗಳ ಜೋಡಣೆಯ ಕ್ರಮವನ್ನು ಬಳಕೆದಾರನೇ ಆರಿಸಿಕೊಳ್ಳುವ 'ಕೊಲೇಟ್' ಸೌಲಭ್ಯ 1992ರ ಎಸ್‌ಕ್ಯುಎಲ್ ಮಾನಕದಲ್ಲಿಯೇ ಇದೆ. ಅದೇ ಮಾನಕದ ಔಟರ್ ಜಾಯಿನ್ ಅನ್ನು ಪರೀಕ್ಷೆಯಲ್ಲಿ ಪ್ರತಿ ವರ್ಷ ಕೇಳುತ್ತೇವೆ. ಕೊಲೇಟ್ ಎಂಬ ಪದವನ್ನು ನಾನು ನೋಡಿದ ಪ್ರಶ್ನೆಪತ್ರಿಕೆಗಳಲ್ಲಿ ಎಲ್ಲಿಯೂ ಕಂಡಿಲ್ಲ.

ಹಿಂದಿನವರಿಗೆ ನ್ಯಾಯ ಸಲ್ಲಿಸಲು ಒಂದು ಮಾತು ಹೇಳಬೇಕು. 2000ದ ದಶಕದ ಆರಂಭದಲ್ಲಿ ನಮ್ಮಲ್ಲಿ ಅನ್ವಯ ತಂತ್ರಾಂಶ ಬರೆಯಲು ಬಹಳವಾಗಿ ಬಳಕೆಯಲ್ಲಿದ್ದ ವಿಶುವಲ್ ಬೇಸಿಕ್ 6ರ ಪೆಟ್ಟಿಗೆ, ಗುಂಡಿಗಳು ಯೂನಿಕೋಡ್ ಕನ್ನಡವನ್ನು ತೋರಿಸಲಾರದವಾಗಿದ್ದವು. ವಿಂಡೋಸ್‌ನಲ್ಲಿ ತುಂಗಾ ಅಕ್ಷರಶೈಲಿಯೊಂದಿಗೆ ಯೂನಿಕೋಡ್ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಹಾಗಾಗಿ ಬರಹ, ನುಡಿಗಳ ಫಾಂಟ್ ಸಂಕೇತಗಳಲ್ಲೇ ದಾಖಲೆಗಳನ್ನು ಇಟ್ಟದ್ದು ಅಂದಿನ ಅನಿವಾರ್ಯತೆ. ಆ ಪದ್ಧತಿಯಲ್ಲಿ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಲಾಗಿತ್ತು. ಮುದ್ರಣಕ್ಕೆ ಅದು ಸಾಕು, ಹುಡುಕಾಟಕ್ಕೆ ಸಾಲದು. ಉದಾಹರಣೆಗೆ ಅಲ್ಲಿ 'ಮ' ಎಂದರೆ 'ವ'ದ ತುಣುಕುಗಳ ಹಿಂದೆ ಒಂದು ಬಾಲ. 'ವ' ಎಂದು ಹುಡುಕಿದರೆ 'ಮ' ಇರುವ ಪದಗಳೂ ಬಲೆಗೆ ಬೀಳುತ್ತವೆ. ಅರ್ಕಾವತ್ತನ್ನು ಕಾಣುವ ಕ್ರಮದಲ್ಲಿ ಇಡುತ್ತಿದ್ದುದರಿಂದ 'ಕರ್ಮ' ಎಂಬುದು ಕ, ಮ, ಆಮೇಲೆ ರ್ ಎಂದು ದಾಖಲಾಗುತ್ತಿತ್ತು. ಆ ಕಾಲದ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ದತ್ತಸಂಚಯಕ್ಕೆ ತುಂಬುವಾಗ, ಮೂಲದಲ್ಲಿದ್ದ ಬೆರಳಚ್ಚಿನ ಅಭ್ಯಾಸಗಳೂ ಗಂಟುಮೂಟೆ ಸಮೇತ ಬಂದುಬಿಡುತ್ತವೆ. ಅಂದು ಸಾಧನ ಇರಲಿಲ್ಲ ಎನ್ನಬಹುದಿತ್ತು. ಇಂದು ಸಾಧನ ಇದೆ, ಪಾಠ ಇಲ್ಲ.

ಈ ಮಾತು ಎತ್ತಿದಾಗಲೆಲ್ಲ ಸಹೋದ್ಯೋಗಿಗಳಿಂದ ಒಂದು ಆಕ್ಷೇಪ ಬರುತ್ತದೆ. ನಮ್ಮ ವಿದ್ಯಾರ್ಥಿಗಳು ಕೆಲಸ ಮಾಡುವುದು ಇಂಗ್ಲಿಷಿನ ಅನ್ವಯಗಳ ಮೇಲೆ, ಅವರಿಗೆ ಕನ್ನಡದ ಈ ತೊಡಕು ಏಕೆ ಎಂದು. ಇದನ್ನು ಭಾಷಾಭಿಮಾನದ ವಿಷಯವೆಂದು ತಿಳಿದರೆ ತಪ್ಪಾದೀತು. ಮೈಎಸ್‌ಕ್ಯುಎಲ್‌ನವರು 'ಯುಟಿಎಫ್8' ಎಂದು ಹೆಸರಿಟ್ಟ ಪದ್ಧತಿ ನಿಜವಾದ ಯುಟಿಎಫ್-8 ಆಗಿರಲಿಲ್ಲ. ಮೂರು ಬೈಟಿಗಿಂತ ದೊಡ್ಡ ಸಂಕೇತ ಅದರೊಳಗೆ ಹಿಡಿಸುತ್ತಿರಲಿಲ್ಲ. ನಾಲ್ಕು ಬೈಟಿನ ಸರಿಯಾದ ಪದ್ಧತಿ ಸೇರಿದ್ದು 2010ರಲ್ಲಿ. ಇಂಗ್ಲಿಷ್ ಅನ್ವಯ ಬರೆದವರೆಲ್ಲ ಇದನ್ನು ಕಲಿತದ್ದು ಗ್ರಾಹಕರು ಫೋನಿನಿಂದ ನಗುಮುಖದ ಎಮೋಜಿ ಕಳಿಸಲು ತೊಡಗಿದ ಮೇಲೆ. ಎಮೋಜಿ ಕಲಿಸಿದ್ದನ್ನು ಕನ್ನಡ ಮೊದಲೇ ಕಲಿಸಬಹುದಿತ್ತು.

ಹೆಸರಿನ ವಿನ್ಯಾಸದಲ್ಲೂ ಇದೇ ಅಮಾಯಕತೆ. ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡೂ ಕಡ್ಡಾಯ ಎಂದು ಪುಸ್ತಕದಿಂದ ನಕಲು ಮಾಡುವ ವಿದ್ಯಾರ್ಥಿಯ ಸ್ವಂತ ಹೆಸರೇ ಊರಿನ ಒಂದು ಇನಿಷಿಯಲ್, ತಂದೆಯ ಒಂದು ಇನಿಷಿಯಲ್ ಮತ್ತು ಒಂದು ಹೆಸರು ಆಗಿರುತ್ತದೆ. ತನ್ನ ಕೋಷ್ಟಕದಲ್ಲಿ ತನಗೇ ಜಾಗವಿಲ್ಲ ಎಂಬುದು ಅವನಿಗೆ ಹೊಳೆಯುವುದಿಲ್ಲ. ಪೂರ್ಣ ಹೆಸರಿಗೆ ಒಂದೇ ಅಂಕಣ ಸಾಕು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಶಿಕ್ಷಕರು ಮಾಡಬಹುದಾದದ್ದೇನು? ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಎಂಪ್ ಕೋಷ್ಟಕದ ಹದಿನಾಲ್ಕು ಹೆಸರುಗಳ ಬದಲಿಗೆ ತರಗತಿಯ ಹಾಜರಿಪಟ್ಟಿಯನ್ನು ಕನ್ನಡದಲ್ಲಿ ಇಬ್ಬರಿಂದ ಬೇರೆ ಬೇರೆಯಾಗಿ ತುಂಬಿಸಿ, ಎರಡನ್ನೂ ಜಾಯಿನ್ ಮಾಡಿಸಿ. ಎಷ್ಟು ಜನ ಕಾಣೆಯಾದರು ಎಂದು ಎಣಿಸಲಿ. ಬಳಿಕ ಪ್ರತಿ ಸಂಕೇತದ ಸಂಖ್ಯೆಯನ್ನು ಮುದ್ರಿಸಿ ಕಾರಣವನ್ನು ಪತ್ತೆಮಾಡಲಿ. ತೋರಿಸಲು ಒಂದು ಅಂಕಣ, ಹೋಲಿಸಲು ಇನ್ನೊಂದು ಎಂದು ಇಡುವ ವಿನ್ಯಾಸ ಆಗ ತಾನಾಗಿಯೇ ಅವರಿಗೆ ಹೊಳೆಯುತ್ತದೆ: ಬಳಕೆದಾರ ಬರೆದದ್ದು ಬರೆದಂತೆ ಮೊದಲನೆಯದರಲ್ಲಿ, ಕಾಣದ ಸಂಕೇತ ತೆಗೆದು ಏಕರೂಪಕ್ಕೆ ತಂದದ್ದು ಎರಡನೆಯದರಲ್ಲಿ. ಏಕರೂಪಕ್ಕೆ ತರುವ ಫಂಕ್ಷನ್ ಜಾವಾ, ಪೈಥಾನ್‌ಗಳಲ್ಲಿ ಸಿದ್ಧವಾಗಿದೆ. ಪೋಸ್ಟ್‌ಗ್ರೆಸ್‌ನಲ್ಲಿ 2020ರ 13ನೆಯ ಆವೃತ್ತಿಯಿಂದ ಒಳಗೇ ಇದೆ. ಅನುಸ್ವಾರದ ಬದಲು ಬಂದ ಅಂಕಿಯನ್ನು ಮಾತ್ರ ಅದು ಸರಿಪಡಿಸುವುದಿಲ್ಲ. ಅದಕ್ಕೆ ನಾವೇ ನಿಯಮ ಬರೆಯಬೇಕು.

ಆ ನಿಯಮ ಬರೆಯಲು ಹೋಗಿ ಗ್ರಂಥಾಲಯದಲ್ಲಿ ನಾನು ಮಾಡಿಕೊಂಡ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಒಂದೇ ಸಾಲಿನ ಅಪ್‌ಡೇಟ್ ಆಜ್ಞೆಯಿಂದ ಎಲ್ಲ ಅಂಕಣಗಳಲ್ಲಿಯೂ 3302 ಇದ್ದ ಕಡೆ 3202 ಬರುವಂತೆ ಮಾಡಿದೆ. ಕುವೆಂಪು ಒಬ್ಬರಾದರು, ಬೇಂದ್ರೆ ಒಬ್ಬರಾದರು, ಗ್ರಂಥಪಾಲಕರು ಕಾಫಿ ತರಿಸಿದರು. ಹದಿನೈದು ದಿನಗಳ ನಂತರ ಮತ್ತೆ ಫೋನ್. ಪ್ರಕಟಣೆಯ ವರ್ಷ ಕೊಟ್ಟು ಹುಡುಕಿದರೆ ಕೆಲವು ಪುಸ್ತಕಗಳು ಬರುತ್ತಿಲ್ಲ ಎಂದರು. ವರ್ಷಗಳನ್ನು ಕನ್ನಡ ಅಂಕಿಗಳಲ್ಲಿ ಪಠ್ಯವಾಗಿ ತುಂಬಿದ್ದರು. ೧೯೭೦, ೧೯೮೦, ೨೦೦೦ ಇವುಗಳಲ್ಲಿದ್ದ ಸೊನ್ನೆಗಳೆಲ್ಲ ನನ್ನ ಕೃಪೆಯಿಂದ ಅನುಸ್ವಾರಗಳಾಗಿದ್ದವು. ತೆರೆಯ ಮೇಲೆ ಎಲ್ಲವೂ ಮೊದಲಿನಂತೆಯೇ ಕಾಣುತ್ತಿತ್ತು. ಹಿಂದಿನ ವಾರದ ಪ್ರತಿ ಇದ್ದುದರಿಂದ ಬಚಾವಾದೆವು. ಎರಡನೆಯ ಬಾರಿ, ಹಿಂದಿನ ಸಂಕೇತ ಅಕ್ಷರವೋ ಸ್ವರಚಿಹ್ನೆಯೋ ಆಗಿದ್ದರೆ ಮಾತ್ರ ಬದಲಿಸು, ಅಂಕಿಯಾಗಿದ್ದರೆ ಬಿಡು ಎಂದು ಬರೆದೆ, ಅದೂ ಮೊದಲು ಒಂದು ನಕಲು ಕೋಷ್ಟಕದ ಮೇಲೆ.